ಎಲ್ಲಾ ಹಾಕಿ ಕೊಟ್ಟಿದ್ದೀನಿ, ಸಾರ್!

ಕೊಸರಿಲ್ಲದ ವ್ಯಾಪಾರವನ್ನು ವ್ಯಾಪಾರ ಎಂದು ಒಪ್ಪಿಕೊಳ್ಳಲು ನಮ್ಮ ಜನಕ್ಕೆ ಮನಸ್ಸೇ ಬರುವುದಿಲ್ಲ. ಸೊಪ್ಪಿನಾಕೆ ಕೊತ್ತಂಬರಿ ಕಟ್ಟಿನ ಮೇಲೆ ಎರಡು ಎಸಳು ಕರಿಬೇವು ಇಡಲಿಲ್ಲ ಅಂದರೆ ಮಾರನೆಯ ದಿನ ಪಕ್ಕದ ಸೊಪ್ಪಿನಾಕೆಗೆ ಬೋಣಿ. ಈ ಕೊಸರು ಈಗ ಕಂಪ್ಯೂಟರಿಗೂ ಬಂದಿದೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳಲು ಹೋಗಿ ನೋಡಿ. ಬೆಲೆಯ ಚೌಕಾಸಿ ಮುಗಿದು, ಬ್ಯಾಗು, ಮೌಸು ಎರಡೂ ಪುಕ್ಕಟೆ ಬಂದ ಮೇಲೆ ಅಂಗಡಿಯ ಹುಡುಗ ಕೊನೆಯ ಮಾತು ಹೇಳುತ್ತಾನೆ: "ಎಲ್ಲಾ ಹಾಕಿ ಕೊಟ್ಟಿದ್ದೀನಿ, ಸಾರ್." ಆ 'ಎಲ್ಲಾ' ಅನ್ನುವುದರೊಳಗೆ ವಿಂಡೋಸ್, ಆಫೀಸ್, ಫೋಟೋಶಾಪ್, ಕೋರೆಲ್ ಡ್ರಾ ಇವೆಲ್ಲ ಸೇರಿರುತ್ತವೆ. ಲೆಕ್ಕ ಹಾಕಿದರೆ ಯಂತ್ರಕ್ಕಿಂತ ಕೊಸರೇ ದುಬಾರಿ. ಒಂದೇ ವ್ಯತ್ಯಾಸ. ಸೊಪ್ಪಿನಾಕೆಯ ಕರಿಬೇವು ಅವಳ ಬುಟ್ಟಿಯದು. ಈ ಹುಡುಗ ಕೈಹಾಕಿದ್ದು ಇನ್ಯಾರದೋ ಬುಟ್ಟಿಗೆ.

ಬೆಂಗಳೂರಿನಲ್ಲಿ ಈ ವ್ಯಾಪಾರದ ತವರು ಎಸ್.ಪಿ. ರಸ್ತೆ. ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಆಟೋದವರಿಗೆ ಹಾಗೆ ಹೇಳಿದರೆ ಮಾತ್ರ ಯಾವುದೋ ಹೊಸ ಬಡಾವಣೆ ಅಂದುಕೊಂಡಾರು. ಒಂದು ಮಂಚ ಹಾಕುವಷ್ಟೂ ಅಗಲವಿಲ್ಲದ ಅಂಗಡಿಗಳಲ್ಲಿ ಲ್ಯಾಪ್‌ಟಾಪುಗಳನ್ನು ಸೂರಿನವರೆಗೆ ಪೇರಿಸಿಟ್ಟಿರುತ್ತಾರೆ. ಮುಕ್ಕಾಲುಪಾಲು ಹೊರವರ್ತುಲ ರಸ್ತೆಯ, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳಲ್ಲಿ ಮೂರು ನಾಲ್ಕು ವರ್ಷ ದುಡಿದು ನಿವೃತ್ತಿಯಾದಂಥವು. ಕಂಪನಿಗಳು ಅವನ್ನು ಲಾಟುಗಟ್ಟಲೆ ಮಾರಿ ಕೈತೊಳೆದುಕೊಳ್ಳುತ್ತವೆ. ಆಸ್ತಿ ಸಂಖ್ಯೆಯ ಚೀಟಿ ಕಿತ್ತ ಜಾಗದಲ್ಲಿ ಅಂಟು ಉಳಿದಿರುತ್ತದೆ. ಕೀಲಿಮಣೆಯಲ್ಲಿ 'ಸಿ', 'ವಿ' ಎರಡು ಅಕ್ಷರ ಸವೆದಿದ್ದರೆ ಹಿಂದಿನ ಯಜಮಾನ ಸಾಫ್ಟ್‌ವೇರ್ ಎಂಜಿನಿಯರ್ ಎಂದು ಕಣ್ಣುಮುಚ್ಚಿ ಹೇಳಬಹುದು.

ನಮ್ಮ ಬೀದಿಯ ನಿವೃತ್ತ ಕನ್ನಡ ಮೇಷ್ಟ್ರು ಆತ್ಮಕಥೆ ಬರೆಯಲೆಂದು ಇಂಥದ್ದೊಂದನ್ನು ₹18,000 ಕೊಟ್ಟು ತಂದರು. ಅವರು ಬಾಲ್ಯ ಮುಗಿಸಿ ಹೈಸ್ಕೂಲು ಸೇರುವ ಹೊತ್ತಿಗೆ ಪರದೆಯ ಕೆಳಗೆ, ಬಲಮೂಲೆಯಲ್ಲಿ, ಮಸುಕಾದ ಎರಡು ಸಾಲು ಮೂಡಿತು. ಮೇಷ್ಟ್ರು ಅದನ್ನು ಕಲೆ ಎಂದು ತಿಳಿದು ಕನ್ನಡಕದ ಬಟ್ಟೆಯಿಂದ ಉಜ್ಜಿದರು. ಆಮೇಲೆ ಒದ್ದೆ ಹತ್ತಿಯಿಂದ ಉಜ್ಜಿದರು. ಹೋಗಲಿಲ್ಲ. ವಿಂಡೋಸನ್ನು ಸಕ್ರಿಯಗೊಳಿಸಿಕೊಳ್ಳಿ ಎಂಬ ಆ ಸೂಚನೆ ಅವರ ಹೈಸ್ಕೂಲಿನ ಮೇಲೂ ತೇಲುತ್ತಿತ್ತು, ಮೊಮ್ಮಗಳ ಫೋಟೋದ ಮೇಲೂ ತೇಲುತ್ತಿತ್ತು. "ಇದೇನಪ್ಪಾ, ಪರದೇನೂ ಸೆಕೆಂಡ್ ಹ್ಯಾಂಡಾ?" ಎಂದು ನನ್ನನ್ನು ಕರೆಸಿದರು.

ಈ ಸೂಚನೆಯ ಹಿಂದಿನ ತಲೆಮಾರು ಇನ್ನೂ ನಾಟಕೀಯವಾಗಿತ್ತು. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ, 2006ರ ಸುಮಾರಿಗೆ, ನಕಲಿ ಪ್ರತಿ ಇಟ್ಟುಕೊಂಡವರ ಪರದೆಯ ಮೇಲೆ 'ನೀವು ನಕಲಿ ಸಾಫ್ಟ್‌ವೇರಿಗೆ ಬಲಿಯಾಗಿರಬಹುದು' ಎಂಬರ್ಥದ ಸಂದೇಶ ಬರುತ್ತಿತ್ತು. ಎಷ್ಟು ಮರ್ಯಾದೆ ನೋಡಿ! ಕಳ್ಳ ಅನ್ನಲಿಲ್ಲ, ಬಲಿಪಶು ಅಂದರು. ಗೊತ್ತಿದ್ದೂ ಗೊತ್ತಿದ್ದೂ ಬಲಿಯಾದವರು ನಮ್ಮಲ್ಲಿ ಎಷ್ಟಿದ್ದರೋ. ಎಕ್ಸ್‌ಪಿ 2001ರ ಅಕ್ಟೋಬರಿನಲ್ಲಿ ಬಂತು. ಅದನ್ನು ಕಂಪ್ಯೂಟರಿಗೆ ಹಾಕುವಾಗ ಕೊಡಬೇಕಾದ ಕೀಲಿಗಳಲ್ಲಿ, ದೊಡ್ಡ ಸಂಸ್ಥೆಗಳಿಗೆಂದು ಇದ್ದ ಒಂದು ಅಷ್ಟರೊಳಗೇ ಬಯಲಾಗಿತ್ತು. 'ಎಫ್‌ಸಿಕೆಜಿಡಬ್ಲ್ಯೂ' ಎಂದು ಶುರುವಾಗುವ ಆ 25 ಅಕ್ಷರಗಳನ್ನು ಚೀಟಿ ನೋಡದೆ ಒಂದೇ ಉಸಿರಿನಲ್ಲಿ ಒಪ್ಪಿಸುವ ಅಸೆಂಬ್ಲಿಂಗ್ ಹುಡುಗರು ಆಗ ಊರೂರಿಗೂ ಇದ್ದರು. ತಮ್ಮ ಮನೆಯ ಫೋನ್ ನಂಬರು ಕೇಳಿದರೆ ತಡವರಿಸುತ್ತಿದ್ದರು. ಮಾರನೆಯ ವರ್ಷ ಮೈಕ್ರೋಸಾಫ್ಟ್ ಆ ಕೀಲಿಗೆ ಬಾಗಿಲು ಹಾಕಿತು. ಹುಡುಗರು ಬೇರೆ ಕೀಲಿ ಬಾಯಿಪಾಠ ಮಾಡಿದರು.

ಈಗ ಬಾಯಿಪಾಠದ ಕಷ್ಟವೂ ಇಲ್ಲ. ದೊಡ್ಡ ಕಚೇರಿಗಳಿಗೆ ಮೈಕ್ರೋಸಾಫ್ಟ್ ಕೆಎಂಎಸ್ ಎಂಬ ಅನುಕೂಲ ಮಾಡಿಕೊಟ್ಟಿದೆ. ಕಡೇಪಕ್ಷ 25 ಕಂಪ್ಯೂಟರುಗಳಿರುವ ಕಡೆ ಒಂದೊಂದಕ್ಕೂ ಬೇರೆ ಬೇರೆ ಕೀಲಿ ಹಾಕುತ್ತ ಕೂರಬೇಕಾಗಿಲ್ಲ. ಕಚೇರಿಯದೇ ಒಂದು ಸರ್ವರ್ 'ಇವರೆಲ್ಲ ನಮ್ಮವರು' ಎಂದು ಒಪ್ಪಿಗೆ ಕೊಡುತ್ತದೆ. ಒಪ್ಪಿಗೆಯ ಆಯುಸ್ಸು 180 ದಿನ, ಅಷ್ಟರೊಳಗೆ ನವೀಕರಿಸಿಕೊಳ್ಳುತ್ತಿರಬೇಕು. ನಕಲಿ ಮಾಡುವವರು ಇದರ ಸುಳ್ಳು ಸರ್ವರನ್ನು ನಿಮ್ಮ ಯಂತ್ರದೊಳಗೇ ಕೂರಿಸುತ್ತಾರೆ. ಅಂದರೆ ಮೇಷ್ಟ್ರ ಲ್ಯಾಪ್‌ಟಾಪು ತಾನಿನ್ನೂ ಯಾವುದೋ ಭಾರಿ ಕಂಪನಿಯ ನೌಕರಿಯಲ್ಲಿದ್ದೇನೆ ಎಂದು ನಂಬಿಕೊಂಡು, ತನ್ನ ಹಾಜರಿ ಪುಸ್ತಕಕ್ಕೆ ತಾನೇ ಸಹಿ ಹಾಕಿಕೊಳ್ಳುತ್ತಿತ್ತು. ಮಧ್ಯೆ ಯಾವುದೋ ಅಪ್‌ಡೇಟ್ ಬಂದು ಈ ಕಳ್ಳ ಸರ್ವರು ಬಿದ್ದುಹೋಯಿತು. ಅವಧಿ ಮುಗಿಯಿತು. ಮೂಲೆಯಲ್ಲಿ ಅಕ್ಷರ ಮೂಡಿತು.

ಬರೀ ಅಕ್ಷರವಾಗಿದ್ದರೆ ಮೇಷ್ಟ್ರು ಅದರೊಡನೆ ಹೊಂದಿಕೊಂಡು ಆತ್ಮಕಥೆ ಮುಗಿಸಬಹುದಿತ್ತು. ನನಗೆ ಎದೆ ಧಸಕ್ಕೆಂದದ್ದು ಬೇರೆ ಕಡೆ. ವಿಂಡೋಸಿನದೇ ಆದ ಡಿಫೆಂಡರ್ ಎಂಬ ಕಾವಲುಗಾರನಿದ್ದಾನಲ್ಲ, ಅವನ ಸೆಟ್ಟಿಂಗ್ಸ್‌ನಲ್ಲಿ 'ಇವನ್ನು ನೋಡಬೇಡ' ಎಂದು ಹೇಳಿಡುವ ಒಂದು ಪಟ್ಟಿ ಇರುತ್ತದೆ. ಹೊಸ ಯಂತ್ರದಲ್ಲಿ ಅದು ಖಾಲಿ ಇರಬೇಕು. ಇಲ್ಲಿ ಸಿ ಡ್ರೈವಿನ ಒಂದು ಫೋಲ್ಡರಿನ ಹೆಸರು ತಣ್ಣಗೆ ಕೂತಿತ್ತು. ಈ ನಕಲಿ ಸಲಕರಣೆಗಳನ್ನು ಡಿಫೆಂಡರ್ ಕಂಡಲ್ಲಿ ಹಿಡಿಯುತ್ತದೆ. ಆದ್ದರಿಂದ ಅವನ್ನು ಹಾಕುವವರು ಮೊದಲು ಕಾವಲುಗಾರನ ಕಣ್ಣು ಕಟ್ಟುತ್ತಾರೆ. ಆ ಕಡೆ ಕಣ್ಣಾಡಿಸಬೇಡ ಎಂದು ಹೇಳಿಸಿಕೊಂಡ ಜಾಗಕ್ಕೆ ಆಮೇಲೆ ಇನ್ಯಾರು ಬಂದು ಬಿಡಾರ ಹೂಡಿದರೂ ಕೇಳುವವರಿಲ್ಲ. ಮೇಷ್ಟ್ರು ಪಿಂಚಣಿಯ ಬ್ಯಾಂಕ್ ಖಾತೆ ನೋಡುವುದು ಇದೇ ಯಂತ್ರದಲ್ಲಿ. ನಕಲಿ ಸಾಫ್ಟ್‌ವೇರ್ ಬೇಡ ಎನ್ನುವುದಕ್ಕೆ ನೀತಿಪಾಠಕ್ಕಿಂತ ಈ ಪಿಂಚಣಿಯೇ ಗಟ್ಟಿ ಕಾರಣ ಎಂದು ನನ್ನ ಅಭಿಪ್ರಾಯ.

ನಕಲಿಗೂ ವೈರಸ್ಸಿಗೂ ಇರುವ ನಂಟು ಇಂದಿನದಲ್ಲ. ಪಿ.ಸಿ.ಗಳಿಗೆ ಅಂಟಿದ ಮೊದಲ ವೈರಸ್ಸು ಎಂದು ಹೆಸರಾದ 'ಬ್ರೇನ್' ಹುಟ್ಟಿದ್ದು 1986ರಲ್ಲಿ, ಲಾಹೋರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ. ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು ಅದನ್ನು ಬರೆದರು. ತಾವು ಬರೆದ ಪ್ರೋಗ್ರಾಮನ್ನು ಜನ ಕಾಪಿ ಮಾಡಿಕೊಳ್ಳುತ್ತಾರೆ, ಅಂಥವರನ್ನು ಹಿಡಿಯಲಿಕ್ಕೆ ಹೀಗೆ ಮಾಡಿದೆವು ಎಂಬುದು ಅವರ ಸಮಜಾಯಿಷಿ. ವೈರಸ್ಸಿನೊಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರುಗಳನ್ನೂ ಬರೆದು, ಲಸಿಕೆ ಬೇಕಿದ್ದರೆ ಸಂಪರ್ಕಿಸಿ ಎಂದಿದ್ದರು! ಅದು ಫ್ಲಾಪಿಯಿಂದ ಫ್ಲಾಪಿಗೆ ದಾಟಿ ಅಮೆರಿಕ ಮುಟ್ಟಿತು. ಇಂದಿನ ವೈರಸ್ ಬರೆಯುವವರಲ್ಲಿ ಅಷ್ಟು ನಾಗರಿಕತೆ ಎಲ್ಲಿದೆ.

ಇದನ್ನೆಲ್ಲ ವಿವರಿಸಿದರೆ ಮೇಷ್ಟ್ರು, "ಕಂಪನಿಯವನಿಗೇನು ಕಮ್ಮಿಯಪ್ಪಾ? ನಾನೊಬ್ಬ ಕೊಡದಿದ್ದರೆ ಅವನ ಮನೆ ಒಲೆ ಉರಿಯೋದಿಲ್ಲವೋ?" ಎಂದರು. ಮೈಕ್ರೋಸಾಫ್ಟಿನ ಬಿಲ್ ಗೇಟ್ಸ್ ಕೂಡ ಒಂದು ಕಾಲಕ್ಕೆ ಒಲೆ ಉರಿಯದವನ ಹಾಗೆ ಅಲವತ್ತುಕೊಂಡಿದ್ದ. 1976ರ ಫೆಬ್ರವರಿಯಲ್ಲಿ, ಇನ್ನೂ ಇಪ್ಪತ್ತರ ಹುಡುಗ, ಕಂಪ್ಯೂಟರ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದ. ಆಲ್ಟೇರ್ ಎಂಬ ಕಂಪ್ಯೂಟರಿಗೆ ನಾವು ಬರೆದ ಬೇಸಿಕ್ ಎಂಬ ಸಾಫ್ಟ್‌ವೇರನ್ನು ನಿಮ್ಮಲ್ಲಿ ಹೆಚ್ಚಿನವರು ಕದ್ದು ಬಳಸುತ್ತಿದ್ದೀರಿ, ಬಂದ ಹಣವನ್ನು ನಮ್ಮ ದುಡಿಮೆಗೆ ಹಂಚಿದರೆ ಗಂಟೆಗೆ ಎರಡು ಡಾಲರೂ ಬೀಳುವುದಿಲ್ಲ ಎಂದು ಗೋಳಾಡಿದ. ಪತ್ರ ಓದಿ ಕಾಪಿ ಮಾಡುವುದನ್ನು ಬಿಟ್ಟವರು ಕಡಿಮೆ, ಬೈದವರು ಬಹಳ.

ಮೇಷ್ಟ್ರಿಗೆ ತಟ್ಟಿದ್ದು ಗೇಟ್ಸ್ ಅಲ್ಲ, ನಮ್ಮದೇ ಕಾನೂನು. 1957ರ ಹಕ್ಕುಸ್ವಾಮ್ಯ ಕಾಯಿದೆಗೆ 1984ರಲ್ಲಿ ತಿದ್ದುಪಡಿ ತಂದು ಕಂಪ್ಯೂಟರ್ ಪ್ರೋಗ್ರಾಮನ್ನೂ ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿದ್ದಾರೆ. ಕಾನೂನಿನ ಕಣ್ಣಿಗೆ ಕಾದಂಬರಿ, ಕವನ ಸಂಕಲನಗಳ ಪಕ್ಕದಲ್ಲೇ ವಿಂಡೋಸಿಗೂ ಜಾಗ. ಓದಿ ಮುಗಿಸಿದವರಿಲ್ಲ, ಅದು ಬೇರೆ ಮಾತು. ಕೆಲವು ಮಹಾಕಾವ್ಯಗಳ ಪಾಡೂ ಅದೇ. ಆ ಕಾಯಿದೆಯ 63ಬಿ ಕಲಮಿನ ಪ್ರಕಾರ ನಕಲಿ ಎಂದು ತಿಳಿದೂ ಬಳಸಿದವರಿಗೆ 7 ದಿನದಿಂದ 3 ವರ್ಷದವರೆಗೆ ಸೆರೆಮನೆ, ₹50,000ದಿಂದ ₹2 ಲಕ್ಷದವರೆಗೆ ದಂಡ. ವ್ಯಾಪಾರಕ್ಕಲ್ಲ, ಸ್ವಂತಕ್ಕೆ ಎಂದು ಕೋರ್ಟಿಗೆ ಮನವರಿಕೆಯಾದರೆ ಸೆರೆಮನೆ ತಪ್ಪಿ ₹50,000 ಒಳಗಿನ ದಂಡದಲ್ಲಿ ಮುಗಿಯಬಹುದು. ಸೆರೆಮನೆಯ ಮಾತಿಗೂ ಮೇಷ್ಟ್ರು ಅಂಜಲಿಲ್ಲ. 'ಸಾಹಿತ್ಯ ಕೃತಿ' ಎಂದಾಗ ಮಾತ್ರ ಮುಖ ಸ್ವಲ್ಪ ಬಾಡಿತು. ಕಾರಣ ನನಗೆ ಗೊತ್ತು. ಅವರು ಬರೆದ ವ್ಯಾಕರಣ ಕೈಪಿಡಿಯನ್ನು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯವನು ಸ್ಪೈರಲ್ ಬೈಂಡ್ ಮಾಡಿ ಮಾರುತ್ತಿದ್ದ. ಮೇಷ್ಟ್ರು ಛತ್ರಿ ಹಿಡಿದುಕೊಂಡೇ ಅವನ ಮೇಲೆ ಏರಿಹೋಗಿದ್ದು ಇಡೀ ಊರಿಗೆ ಗೊತ್ತು. ಆ ಮಾತನ್ನು ನಾನು ಎತ್ತಲಿಲ್ಲ. ಅವರೇ ಎದ್ದು ಹೋಗಿ ಕಾಫಿ ತಂದರು.

ಎಲ್ಲ ನಕಲನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಲು ನನಗೆ ಮನಸ್ಸಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಪೇಟೆ ಬೀದಿಯಲ್ಲಿ ಲಗ್ನಪತ್ರಿಕೆ ಮುದ್ರಿಸುವವರೊಬ್ಬರಿದ್ದಾರೆ. ಅವರ ಡಿಟಿಪಿ ಕಂಪ್ಯೂಟರಿನಲ್ಲಿ ಇಂದಿಗೂ ಎಕ್ಸ್‌ಪಿ, ಅದರ ಮೇಲೆ ಪೇಜ್‌ಮೇಕರ್. ಆ ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಇಂದು ದುಡ್ಡು ಹಿಡಿದು ಹೋದರೂ ಕಂಪನಿ ಅದನ್ನು ಮಾರುವುದಿಲ್ಲ. ಎಕ್ಸ್‌ಪಿಯಂತೂ 2014ರ ಏಪ್ರಿಲಿನಲ್ಲೇ ಮೈಕ್ರೋಸಾಫ್ಟಿನ ಆರೈಕೆ ಕಳೆದುಕೊಂಡಿತು. ಹೊಸದಕ್ಕೆ ಹೋಗೋಣವೆಂದರೆ ಅವರ ಹತ್ತಿಪ್ಪತ್ತು ವರ್ಷದ ಫೈಲುಗಳೆಲ್ಲ ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿವೆ. ಬೇರೆ ಕಡೆ ತೆರೆದರೆ 'ಚಿ.ಸೌ.' ಬದಲು ಡಾಲರ್ ಚಿಹ್ನೆ, ಪ್ರಶ್ನಾರ್ಥಕ ಚಿಹ್ನೆ. ಮದುಮಗಳ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಬಂದರೆ ಬೀಗರು ಬಿಡುತ್ತಾರೆಯೇ! ಇಂಟರ್ನೆಟ್ಟಿನ ತಂತಿಯನ್ನು ಕಿತ್ತುಹಾಕಿ, ಆ ಯಂತ್ರವನ್ನು ಹಾಗೇ ಓಡಿಸುತ್ತಿದ್ದಾರೆ. ಅವರಿಗೆ ಉಪದೇಶ ಹೇಳುವ ಧೈರ್ಯ ನನಗಿಲ್ಲ.

ಮೇಷ್ಟ್ರ ಸಂಗತಿ ಹಾಗಲ್ಲ. ಅವರದು ತೀರ ಅನ್ಯಾಯದ ಪ್ರಕರಣ. ಏಕೆಂದರೆ ಅಸಲಿ ವಿಂಡೋಸು ಅವರ ಲ್ಯಾಪ್‌ಟಾಪಿನೊಳಗೆ ಮೊದಲಿಂದಲೂ ಇತ್ತು! ವಿಂಡೋಸ್ 7ರವರೆಗೆ ಅಸಲಿತನದ ಗುರುತೆಂದರೆ ಯಂತ್ರದ ತಳಕ್ಕೆ ಅಂಟಿಸಿದ ಚೀಟಿ. ಅದರಲ್ಲಿ ಐದೈದರಂತೆ 25 ಅಕ್ಷರ. ತೊಡೆಯ ಶಾಖಕ್ಕೆ, ಬೆವರಿಗೆ ಆ ಅಕ್ಷರಗಳು ಅಳಿಸಿ ಹೋಗುತ್ತಿದ್ದವು. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ದೊಡ್ಡ ತಯಾರಕರು ಕೀಲಿಯನ್ನು ಮದರ್‌ಬೋರ್ಡಿನ ಚಿಪ್ಪಿನೊಳಗೇ ಬರೆದು ಕಳಿಸತೊಡಗಿದರು. ಹಾರ್ಡ್ ಡಿಸ್ಕ್ ಅಳಿಸಲಿ, ಬದಲಿಸಲಿ, ಅದು ಅಲ್ಲೇ ಇರುತ್ತದೆ. ಕಂಪನಿಗಳಿಗೆ ಹೋಗುವ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಪ್ರೊ ಆವೃತ್ತಿಯ ಕೀಲಿ. ಅಂಗಡಿಯ ಹುಡುಗನಿಗೆ ಇದನ್ನೆಲ್ಲ ನೋಡಲು ಪುರುಸೊತ್ತೆಲ್ಲಿ? ಒಂದು ಪೆನ್‌ಡ್ರೈವಿನಲ್ಲಿ ಎಲ್ಲ ತುಂಬಿಸಿಟ್ಟುಕೊಂಡಿರುತ್ತಾನೆ. ಬಂದ ಯಂತ್ರಕ್ಕೆಲ್ಲ ಅದನ್ನೇ ಇಳಿಸುತ್ತಾನೆ. ಅಸಲಿ ಪ್ರೊ ಕೀಲಿ ಇರುವ ಯಂತ್ರಕ್ಕೆ ನಕಲಿ ಎಂಟರ್‌ಪ್ರೈಸ್ ಆವೃತ್ತಿ! ಕಳ್ಳತನಕ್ಕಾದರೂ ಒಂದು ಕಾರಣ ಬೇಡವೇ?

ಮದ್ದು ಸುಲಭದ್ದೇ. ಆತ್ಮಕಥೆಯ ಫೈಲನ್ನು ಬೇರೆ ಪೆನ್‌ಡ್ರೈವಿಗೆ ಎತ್ತಿಟ್ಟೆವು, ಮೇಷ್ಟ್ರ ಸಮಾಧಾನಕ್ಕೆ ಇಮೇಲನ್ನೂ ಮಾಡಿದೆವು. ಮೈಕ್ರೋಸಾಫ್ಟಿನದೇ ತಾಣದಿಂದ ವಿಂಡೋಸ್ 11 ಇಳಿಸಿಕೊಂಡೆವು. ಇಳಿಸಿಕೊಳ್ಳಲು ದುಡ್ಡಿಲ್ಲ, ದುಡ್ಡಿರುವುದು ಕೀಲಿಗೆ. ಹಳೆಯದನ್ನು ಪಾರ್ಟಿಷನ್ ಸಮೇತ ಅಳಿಸಿದೆವು. ನಕಲಿಯ ಮೇಲೇ ಅಸಲಿಯನ್ನು ಹಾಕಿಕೊಂಡರೆ ಆ ಫೋಲ್ಡರಿನ ಬಿಡಾರ ಹಾಗೇ ಉಳಿಯುತ್ತದೆ, ಅದಕ್ಕೆ. ಯಂತ್ರ ಎಂಟನೆಯ ತಲೆಮಾರಿನ ಇಂಟೆಲ್ ಆದದ್ದು ಮೇಷ್ಟ್ರ ಪುಣ್ಯ. ಅದಕ್ಕಿಂತ ಹಳೆಯದಾದರೆ ವಿಂಡೋಸ್ 11 ಬೇಡವೆನ್ನುತ್ತದೆ, ವಿಂಡೋಸ್ 10ರ ಮಾಮೂಲು ಆರೈಕೆ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅಂಥ ಹಳೆಯ ಯಂತ್ರದವರಿಗೆ ವಿಂಡೋಸಿನ ಬದಲು ಪುಕ್ಕಟೆ ಸಿಗುವ ಉಬುಂಟು, ಮಿಂಟ್ ಇವೆ. ಆನ್‌ಲೈನಿನಲ್ಲಿ ಐನೂರು ರೂಪಾಯಿಗೆ ಕೀಲಿ ಮಾರುವವರೂ ಇದ್ದಾರೆ, ಅದು ಹೆಚ್ಚಿನ ಪಾಲು ಕಳ್ಳಮಾಲಿಗೆ ರಸೀದಿ ಇದ್ದಂತೆ. ಮೇಷ್ಟ್ರ ಯಂತ್ರ ಕೀಲಿಯನ್ನು ಕೇಳಲೇ ಇಲ್ಲ. ವೈಫೈ ಕೊಟ್ಟ ಸ್ವಲ್ಪ ಹೊತ್ತಿಗೆ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ಪರವಾನಗಿ ಇದೆ ಎಂದು ತಾನಾಗಿ ತೋರಿಸಿತು.

ಆಫೀಸಿನ ಕೀಲಿ ಮಾತ್ರ ಚಿಪ್ಪಿನಲ್ಲಿರಲಿಲ್ಲ. ಅದರ ಬದಲು ಪುಕ್ಕಟೆ ಸಿಗುವ ಲಿಬ್ರೆ ಆಫೀಸ್ ಹಾಕಿದೆ. ಫೋಟೋಶಾಪ್ ಹೋಯಿತಲ್ಲ ಎಂದು ಮೊಮ್ಮಗಳಿಗೆ ಬೇಸರವಾಯಿತು. ಅವಳು ಅದನ್ನು ತೆರೆಯುತ್ತಿದ್ದುದು ತನ್ನ ಫೋಟೋಕ್ಕೆ ಮೀಸೆ ಬರೆಯಲು ಮಾತ್ರ, ಅದಕ್ಕೆ ಪೇಂಟ್ ಸಾಕು.

ಮೇಷ್ಟ್ರಿಗೆ ಇನ್ನೊಂದು ಲೆಕ್ಕ ಉಳಿದಿತ್ತು. ಬಿಲ್ಲಿನಲ್ಲಿ ಅಂಗಡಿಯ ಹುಡುಗ 'ಸಾಫ್ಟ್‌ವೇರ್ ಚಾರ್ಜು ₹500' ಎಂದು ಬರೆದಿದ್ದ. "ನಕಲಿ ಹಾಕಿ ಐನೂರು ಕಿತ್ತುಕೊಂಡಿದ್ದಾನೆ, ಬಾರಪ್ಪಾ ಕೇಳೋಣ" ಎಂದು ನನ್ನನ್ನೂ ಅಂಗಡಿಗೆ ಹೊರಡಿಸಿದರು. ಹುಡುಗ ಯಾವುದೋ ಲ್ಯಾಪ್‌ಟಾಪಿನ ಅಂಟನ್ನು ಪೆಟ್ರೋಲಿನ ಬಟ್ಟೆಯಿಂದ ಒರೆಸುತ್ತಿದ್ದವನು ಬಿಲ್ಲನ್ನು ಬೆಳಕಿಗೆ ಹಿಡಿದು ನೋಡಿದ.

"ಅಯ್ಯೋ, ವಿಂಡೋಸು, ಆಫೀಸು, ಫೋಟೋಶಾಪಿಗೆಲ್ಲ ನಾನೆಲ್ಲಿ ಕಾಸು ತಗೊಂಡೆ ಸಾರ್? ಅದೆಲ್ಲ ಫ್ರೀ. ನೀವು ಕನ್ನಡ ಬೇಕು ಅಂದ್ರಲ್ಲ, ನುಡಿ ಹಾಕಿದ್ದಕ್ಕೆ ಐನೂರು."

"ನುಡೀನಾ? ಅದನ್ನ ಸರ್ಕಾರದೋರು ಪುಕ್ಕಟೆ ಕೊಡ್ತಾರಲ್ಲಯ್ಯಾ!"

"ಹೂಂ ಸಾರ್," ಅಂದ ಹುಡುಗ, "ಅದೊಂದು ಮಾತ್ರ ಒರಿಜಿನಲ್ಲು."