ಪದೇ ಪದೇ ನೆತ್ತಿಗೇರುವ ನೀರು

ನೀರು ಕುಡಿದಾಗಲೆಲ್ಲ ಹುಡುಗ ಕೆಮ್ಮುತ್ತಿದ್ದ. ‘ನೆತ್ತಿಗೇರಿತು, ಯಾರೋ ನೆನೆಸಿಕೊಂಡ್ರು’ ಎಂದು ಅಜ್ಜಿ ನಗುತ್ತಿದ್ದರು. ತಾಯಿ ನೆತ್ತಿ ತಟ್ಟಿ, ‘ಒಂದೊಂದೇ ಗುಟುಕು ಕುಡಿಯೋ’ ಎನ್ನುತ್ತಿದ್ದರು. ಮುದ್ದೆ, ಅನ್ನ ಸಲೀಸಾಗಿ ಇಳಿಯುತ್ತಿದ್ದವು. ಸಾರು, ಮಜ್ಜಿಗೆ ಬಂದರೆ ಕೆಮ್ಮು. ಹಾಸ್ಟೆಲ್ ಸೇರಿದ ಮೇಲೆ ನಾಚಿಕೆಯಿಂದ ಗೆಳೆಯರೆದುರು ನೀರು ಕುಡಿಯುವುದನ್ನೇ ಬಿಟ್ಟ.

ವರ್ಷಕ್ಕೊಮ್ಮೆಯಾದರೂ ನ್ಯುಮೋನಿಯಾ. ಆಸ್ತಮಾ ಎಂದು ಔಷಧಿ ಕೊಟ್ಟರು. ಕ್ಷಯವಿರಬಹುದೆಂದು ಕಫ ಪರೀಕ್ಷಿಸಿದರು, ಏನೂ ಸಿಗಲಿಲ್ಲ. 19ನೇ ವಯಸ್ಸಿನಲ್ಲಿ, ಪರೀಕ್ಷೆಯ ಹೊತ್ತಿಗೆ ಮತ್ತೆ ಜ್ವರ ಬಂದು ಆಸ್ಪತ್ರೆ ಸೇರಿದ. ಅಲ್ಲಿನ ಹಿರಿಯ ವೈದ್ಯರು ಒಂದು ಲೋಟ ನೀರು ಕೊಟ್ಟು ‘ಕುಡಿಯಪ್ಪ’ ಎಂದರು. ಎರಡನೇ ಗುಟುಕಿಗೇ ಕೆಮ್ಮು.

‘ಯಾವಾಗಿನಿಂದ ಹೀಗೆ, ಅಮ್ಮ?’

‘ಹಾಲು ಕುಡಿಯೋ ಕೂಸಾಗಿದ್ದಾಗಿನಿಂದ್ಲೂ ಡಾಕ್ಟ್ರೇ. ಯಾರೂ ಕೇಳಿರಲಿಲ್ಲ.’

ನಮ್ಮ ಕುತ್ತಿಗೆಯಲ್ಲಿ ಮುಂದೆ ಶ್ವಾಸನಾಳ, ಅದರ ಬೆನ್ನಿಗೇ ಅನ್ನನಾಳ. ಭ್ರೂಣದಲ್ಲಿ ಎರಡೂ ಒಂದೇ ಕೊಳವೆಯಿಂದ ಮೂಡಿ ಬೇರೆಯಾಗುತ್ತವೆ. ಈ ಬೇರ್ಪಡೆ ಪೂರ್ತಿಯಾಗದಿದ್ದರೆ ನಡುವೆ ಸಂದು ಉಳಿಯುತ್ತದೆ. ಬಹುಪಾಲು ಮಕ್ಕಳಲ್ಲಿ ಇದರೊಂದಿಗೆ ಅನ್ನನಾಳವೂ ಮುಚ್ಚಿರುವುದರಿಂದ ಹುಟ್ಟಿದೊಡನೆ ಗೊತ್ತಾಗುತ್ತದೆ. ಅಂಥ ಶಿಶುವೊಂದರ ಅನ್ನನಾಳವನ್ನು ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಜೋಡಿಸಿ ಮೊದಲಿಗೆ ಯಶಸ್ಸು ಕಂಡವರು ಅಮೆರಿಕದ ಮಿಷಿಗನ್ನಿನ ಡಾ. ಕ್ಯಾಮೆರಾನ್ ಹೈಟ್, 1941ರಲ್ಲಿ. ಅನ್ನನಾಳ ತೆರೆದೇ ಇದ್ದು ಸಂದು ಮಾತ್ರ ಇದ್ದರೆ ಅದು ಇಂಗ್ಲಿಷಿನ ‘ಎಚ್’ ಅಕ್ಷರದಂತೆ ಕಾಣುತ್ತದೆ. ಊಟ ಇಳಿಯುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಈ ಹುಡುಗನದು ಅದೇ.

ಅದನ್ನು ಹುಡುಕುವುದೂ ಸುಲಭವಲ್ಲ. ಸಂದು ಓರೆಯಾಗಿರುತ್ತದೆ, ಒಳಪೊರೆಯ ಮಡಿಕೆಯಲ್ಲಿ ಅಡಗುತ್ತದೆ. ಬಣ್ಣದ ದ್ರವ ಕುಡಿಸಿ ತೆಗೆದ ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಕೊನೆಗೆ ಶ್ವಾಸನಾಳದೊಳಗೆ ದರ್ಶಕ ಇಳಿಸಿ, ಅನ್ನನಾಳಕ್ಕೆ ನೀಲಿ ದ್ರವ ಬಿಟ್ಟರು. ಶ್ವಾಸನಾಳದ ಹಿಂಗೋಡೆಯ ಸಣ್ಣ ಕುಳಿಯಲ್ಲಿ ನೀಲಿ ಜಿನುಗಿತು.

ಇಂಥ ಸಂದು ಔಷಧಿಯಿಂದ ಮುಚ್ಚುವುದಿಲ್ಲ. ಮೊದಲು ಶ್ವಾಸಕೋಶದ ಸೋಂಕು ಇಳಿಸಿದರು. ಸಂದು ಕುತ್ತಿಗೆಯ ಬುಡದಲ್ಲಿದ್ದುದರಿಂದ ಎದೆ ತೆರೆಯಬೇಕಾಗಲಿಲ್ಲ. ಸಂದನ್ನು ಕತ್ತರಿಸಿ ಎರಡೂ ಕಡೆ ಹೊಲಿದು, ಮತ್ತೆ ಕೂಡಿಕೊಳ್ಳದಂತೆ ಕುತ್ತಿಗೆಯ ಸ್ನಾಯುವಿನ ಪಟ್ಟಿಯೊಂದನ್ನು ನಡುವೆ ಇಟ್ಟರು. ಧ್ವನಿಯ ನರ ಪಕ್ಕದಲ್ಲೇ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಮಾತು ಒಡೆಯುತ್ತದೆ. ಅದನ್ನು ಕಾಪಾಡುವುದೇ ಇಲ್ಲಿ ದೊಡ್ಡ ಎಚ್ಚರಿಕೆ.

ದೊಡ್ಡವರಲ್ಲಿ ಇದು ಹುಟ್ಟಿನಿಂದ ಬಂದಿರುವುದು ಅಪರೂಪ. ಕ್ಯಾನ್ಸರ್, ಅಪಘಾತದ ಪೆಟ್ಟು ಅಥವಾ ವೆಂಟಿಲೇಟರ್ ಕೊಳವೆಯ ಗಾಳಿಚೀಲ ಬಹುದಿನ ಒತ್ತಿದ್ದರಿಂದ ಆಗುವುದೇ ಹೆಚ್ಚು. ವೆಂಟಿಲೇಟರಿನಿಂದ ಆದುದಾದರೆ, ರೋಗಿ ಸ್ವಂತ ಉಸಿರಾಡುವಂತಾದ ಮೇಲೆಯೇ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ. ಕ್ಯಾನ್ಸರಿನದಾದರೆ ಒಳಗೆ ಸ್ಟೆಂಟ್ ಇಟ್ಟು ಸಂದನ್ನು ಮರೆಮಾಡುವುದೇ ಹೆಚ್ಚಾಗಿ ದಾರಿ.

ಆಗೊಮ್ಮೆ ಈಗೊಮ್ಮೆ ನೆತ್ತಿಗೇರುವುದು ಎಲ್ಲರಿಗೂ ಉಂಟು. ಕುಡಿದಾಗಲೆಲ್ಲ ಕೆಮ್ಮು ಬಂದರೆ, ಜೊತೆಗೆ ನ್ಯುಮೋನಿಯಾ ಮರುಕಳಿಸಿದರೆ, ಕೇಳದಿದ್ದರೂ ವೈದ್ಯರಿಗೆ ಹೇಳಬೇಕು. ಮಕ್ಕಳೂ ನಾಚಿ ಮುಚ್ಚಿಡಬಾರದು.

ವಾರದ ನಂತರ ಮತ್ತೊಂದು ಎಕ್ಸ್‌ರೇ ತೆಗೆದು, ಹೊಲಿಗೆ ಸೋರುತ್ತಿಲ್ಲವೆಂದು ಖಚಿತವಾದ ಮೇಲೆ ನೀರು ಕೊಟ್ಟರು. ತಾಯಿಯ ಕೈ ಅಭ್ಯಾಸದಂತೆ ಮಗನ ನೆತ್ತಿಯತ್ತ ಹೋಯಿತು. ಅವನು ಲೋಟ ಖಾಲಿ ಮಾಡಿ, ‘ಇನ್ನೊಂದು ಲೋಟ ಕೊಡಮ್ಮ’ ಎಂದ.