ಒಂದಕ್ಷರದ ಅಂತರ

ವಕೀಲರನ್ನು ಕುರಿತು ಕನ್ನಡಿಗರು ದಿನನಿತ್ಯ ಆಡುವ ಮಾತೊಂದುಂಟು: ‘ಅವರು ಹೈಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತಾರೆ.’ ಆಡುವಾಗ ಇದು ಸಲೀಸು. ಇದನ್ನೇ ಇಂಗ್ಲಿಷಿನಲ್ಲಿ ಬರೆಯಹೊರಟ ತರುಣ ಪದವೀಧರನ ಲೇಖನಿ ಮಾತ್ರ ತಡವರಿಸುತ್ತದೆ. ಪದದ ಕೊನೆಯ ‘ಇ’ಗೆ ಮುನ್ನ ‘ಸಿ’ ಬರಬೇಕೋ, ‘ಎಸ್’ ಬರಬೇಕೋ?

ಬ್ರಿಟಿಷ್ ಇಂಗ್ಲಿಷಿನಲ್ಲಿಯೂ ಅದನ್ನು ಅನುಸರಿಸುವ ಭಾರತದ ಕಾನೂನು ಬರವಣಿಗೆಯಲ್ಲಿಯೂ ನಿಯಮ ಸ್ಪಷ್ಟವಾಗಿದೆ. ವೃತ್ತಿ ಎಂಬ ನಾಮಪದಕ್ಕೆ ‘ಸಿ’. ವೃತ್ತಿ ನಡೆಸು ಎಂಬ ಕ್ರಿಯಾಪದಕ್ಕೆ ‘ಎಸ್’. ಅಮೆರಿಕದಲ್ಲಿ ಎರಡಕ್ಕೂ ‘ಸಿ’ಯೇ ರೂಢಿ, ಅಲ್ಲಿಗೆ ಅದು ಸರಿ, ಇಲ್ಲಿಯ ಅರ್ಜಿಗೆ ಒಪ್ಪದು.

ಈ ತೊಡಕಿಗೆ ಕನ್ನಡದ ಜಾಯಮಾನವೂ ಒಂದು ಕಾರಣ. ಪರಭಾಷೆಯ ಪದಕ್ಕೆ ‘ಮಾಡು’ ಎಂಬುದನ್ನು ಸೇರಿಸಿ ಕನ್ನಡವು ಕ್ರಿಯೆಯನ್ನು ಸಾಧಿಸಿಕೊಳ್ಳುತ್ತದೆ; ಆಗ ನಾಮಪದ ಕ್ರಿಯಾಪದಗಳ ನಡುವಣ ಗೆರೆ ಅಳಿಸಿಹೋಗುತ್ತದೆ. ಉಚ್ಚಾರಣೆಯೂ ನೆರವಿಗೆ ಬಾರದು. ಎರಡು ರೂಪಗಳದೂ ಒಂದೇ ಧ್ವನಿ. ಆದರೆ ‘ಸಲಹೆ’ ಎಂಬರ್ಥದ ‘ಅಡ್ವೈಸ್’, ‘ಸಲಹೆ ನೀಡು’ ಎಂಬರ್ಥದ ‘ಅಡ್ವೈಝ್’ ಕಿವಿಗೇ ಬೇರೆಯಾಗಿ ಕೇಳಿಸುತ್ತವೆ. ಅಲ್ಲಿಯೂ ನಾಮಪದಕ್ಕೆ ‘ಸಿ’, ಕ್ರಿಯಾಪದಕ್ಕೆ ‘ಎಸ್’. ಆ ಜೋಡಿಯನ್ನು ನೆನೆದರೆ ಈ ಜೋಡಿ ತಪ್ಪದು.

ಮೇಲ್ಪಂಕ್ತಿ ಬೇಕೆನ್ನುವವರಿಗೆ 1950ರಲ್ಲಿ ಜಾರಿಗೆ ಬಂದ ಸಂವಿಧಾನದ ಇಂಗ್ಲಿಷ್ ಪಾಠವಿದೆ. ಅದರ 25ನೆಯ ಅನುಚ್ಛೇದವೊಂದರಲ್ಲೇ ಎರಡು ರೂಪಗಳೂ ಇವೆ: ಧರ್ಮವನ್ನು ಆಚರಿಸುವ ಸ್ವಾತಂತ್ರ್ಯವನ್ನು ಹೇಳುವಾಗ ‘ಎಸ್’, ಧಾರ್ಮಿಕ ಆಚರಣೆಯನ್ನು ಹೆಸರಿಸುವಾಗ ‘ಸಿ’.

ಆದರೆ ಕಾಗುಣಿತ ಸರಿಯಾದ ಮಾತ್ರಕ್ಕೆ ಪದಪ್ರಯೋಗ ಸರಿಯಾಗದು. 1961ರ ವಕೀಲರ ಅಧಿನಿಯಮದ 29ನೆಯ ಪ್ರಕರಣವು ಈ ಕ್ರಿಯಾಪದವನ್ನು ‘ಅಡ್ವೊಕೇಟ್’ ಎಂಬ ಒಂದೇ ವರ್ಗಕ್ಕೆ ಮೀಸಲಿರಿಸಿದೆ. ಅರ್ಹತೆಯಿಲ್ಲದೆ ನ್ಯಾಯಾಲಯದಲ್ಲಿ ವಕೀಲಿ ನಡೆಸಿದವನಿಗೆ 45ನೆಯ ಪ್ರಕರಣವು ಆರು ತಿಂಗಳವರೆಗಿನ ಸೆರೆವಾಸವನ್ನು ವಿಧಿಸಬಲ್ಲದು. ಕಾನೂನು ಪದವಿ ಪಡೆದು, ವಕೀಲರ ಪರಿಷತ್ತಿನಲ್ಲಿ ಇನ್ನೂ ನೋಂದಣಿಯಾಗದವನು ‘ಕಾನೂನು ಓದಿದ್ದೇನೆ’ ಎಂದು ಬರೆಯಬಹುದು. ‘ಪ್ರಾಕ್ಟೀಸ್ ಮಾಡುತ್ತಿದ್ದೇನೆ’ ಎಂದು ಬರೆಯಲಾಗದು. ಅಲ್ಲಿ ತಪ್ಪು ವ್ಯಾಕರಣದ್ದಲ್ಲ, ಸತ್ಯದ್ದು.

ನಾಳೆ ಇದೇ ಲೇಖನಿಗೆ ಬಡ ಕಕ್ಷಿಗಾರನೊಬ್ಬನ ಹೊಲಮನೆಗಳ ಅಳಿವು ಉಳಿವು ಒಪ್ಪಿತವಾಗುತ್ತದೆ. ಆದ್ದರಿಂದ ಶಾಲೆಯ ತರಗತಿಯಲ್ಲಿಯೇ ಅಧ್ಯಾಪಕರು ಒಂದಕ್ಷರದ ಮೇಲೆ ಎಳೆಯುವ ಕೆಂಪು ಗೆರೆ ಕ್ಷುಲ್ಲಕವಾದುದಲ್ಲ. ಆಡುವ ಪದದ ಹೊಣೆ ಹೊರುವ ಅಭ್ಯಾಸ ಅಲ್ಲಿಂದಲೇ ಮೊದಲಾಗುತ್ತದೆ.