ಹಳೇ ವ್ಯಾನು, ಬೇರೆ ಎಂಜಿನ್ – ಭಾಗ 6: ಮೂತಿ ಎತ್ತಿ ನಿಲ್ಸು

ಮೊದಲ ಫೋಟೊ ನೋಡಿ. ಹಿಂದಿನ ಡಿಕ್ಕಿಯ ಹಲಗೆ ಎತ್ತಿಟ್ಟಿದೀವಿ, ಕೆಳಗೆ ಎಂಜಿನ್ ಓರೆಯಾಗಿ ಮಲಗಿದೆ. "ಬೋಲ್ಟ್ ಕಿತ್ಕೊಂಡು ಬಿದ್ದೋಯ್ತಾ?" ಅಂತ ಕಳೆದ ಸಲ ಕೇಳಿದ್ರಿ. ಬಿದ್ದಿಲ್ಲ ಕಣ್ರಪ್ಪಾ. ಫೋಕ್ಸ್‌ವ್ಯಾಗನ್ ಟಿ3ಯಲ್ಲಿ ಎಂಜಿನ್ ಇರೋದು ಹಿಂದೆ. ಡೀಸೆಲ್ ಎಂಜಿನ್ ಎತ್ತರ ಜಾಸ್ತಿ, ನೆಟ್ಟಗೆ ನಿಲ್ಲಿಸಿದ್ರೆ ಡಿಕ್ಕಿಯ ನೆಲ ಮೇಲೆ ಬರುತ್ತೆ. ಅದಕ್ಕೇ ಕಂಪನಿಯಲ್ಲೇ 50 ಡಿಗ್ರಿ ವಾಲಿಸಿ ಕೂರಿಸ್ತಿದ್ರು.

ಹೊಸಬರಿಗೆ ಚುಟುಕಾಗಿ: ನಾನು ಸ್ಟುಟ್‌ಗಾರ್ಟ್‌ನಲ್ಲಿ ಎಂಎಸ್ ಓದ್ತಿದೀನಿ. ಪುಣೆಯ ರೂಮ್‌ಮೇಟ್ ಜೊತೆ ಸೇರಿ ಈ 1987ರ ವ್ಯಾನ್ ತಗೊಂಡೆ. 1.6 ಲೀಟರ್ ಟರ್ಬೊ ಡೀಸೆಲ್, 70 ಪಿಎಸ್. ಟೆಂಪರೇಚರ್ ದೀಪ ಮಿನುಗ್ತಿದ್ರೂ "ಇನ್ನೈದು ಕಿಲೋಮೀಟರ್ ಅಷ್ಟೇ" ಅಂತ ಓಡಿಸಿದವನು ನಾನೇ. ಹೆಡ್ ಸೀಳು ಬಿಟ್ಟಿತು. ಅದರ ಜಾಗಕ್ಕೆ ಗುಜರಿಗೆ ಹೋಗೋ ಪಸಾಟ್‌ನಿಂದ 1.9 ಟಿಡಿಐ ಬಂತು. 90 ಪಿಎಸ್, ಟಾರ್ಕ್ 202 ನ್ಯೂಟನ್ ಮೀಟರ್, ಹಳೇದರದ್ದು 138.

ಇನ್ನೂ ಹೊಸ ಎಂಜಿನ್ ಯಾಕೆ ಹಾಕಲಿಲ್ಲ ಅಂತ ಕೇಳೋರಿಗೆ ಉತ್ತರ ನಂಬರ್ ಪ್ಲೇಟಿನ ಕೊನೇಲಿರೋ 'ಎಚ್' ಅಕ್ಷರ. ಇಲ್ಲಿ 30 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗೆ ಅದು ಸಿಗುತ್ತೆ. ತೆರಿಗೆ ವರ್ಷಕ್ಕೆ 191 ಯೂರೊ ಚಿಲ್ಲರೆ, ಹೊಗೆ ನಿರ್ಬಂಧದ ವಲಯದೊಳಗೂ ಬಿಡ್ತಾರೆ. ಎಚ್ ಹೋದ್ರೆ ವ್ಯಾನನ್ನ ನಮ್ಮ ಮನೆ ಬೀದಿಗೇ ತರೋ ಹಾಗಿಲ್ಲ. ಗಾಡಿ ನೋಂದಣಿಯಾದ ಹತ್ತು ವರ್ಷದೊಳಗೆ ಮಾಡಬಹುದಾಗಿದ್ದ ಬದಲಾವಣೆಯಾದ್ರೆ ಪರಿಗಣಿಸ್ತಾರೆ. ನಮ್ಮ ಟಿಡಿಐ 1995ರದ್ದು. ಲೆಕ್ಕ ಸರಿಹೋಯ್ತು, ಆದ್ರೆ ಕೊನೇ ಮಾತು ತಪಾಸಣೆ ಮಾಡೋ ಎಂಜಿನಿಯರ್‌ದು. ಸ್ಪ್ಯಾನರ್ ಮುಟ್ಟೋಕೆ ಮುಂಚೆ ಅವರನ್ನ ಕಂಡು ಬಂದಿದ್ವಿ. ಯಾರಾದ್ರೂ ಈ ಕೆಲಸಕ್ಕೆ ಕೈ ಹಾಕೋದಾದ್ರೆ ಮೊದಲು ಅದನ್ನ ಮಾಡಿ.

ಕೂರಿಸೋದು ಅಂದ್ಕೊಂಡಷ್ಟು ಕಷ್ಟ ಆಗ್ಲಿಲ್ಲ. ಮೊದಲೇ ಡೀಸೆಲ್ ವ್ಯಾನ್ ಆಗಿದ್ರಿಂದ ಗೇರ್‌ಬಾಕ್ಸಿನ ಬೆಲ್ ಹೌಸಿಂಗ್, ಮೌಂಟ್ ಎಲ್ಲಾ ಉಳೀತು. ಆಯಿಲ್ ಸಂಪ್ ಮತ್ತು ಒಳಗಿನ ಪಿಕಪ್ ಪೈಪ್ ಮಾತ್ರ ಹಳೇ ಎಂಜಿನ್‌ದೇ ಹಾಕ್ಬೇಕು, ಇಲ್ಲಾಂದ್ರೆ ವಾಲಿದ ಎಂಜಿನ್‌ನಲ್ಲಿ ಆಯಿಲ್ ಒಂದು ಕಡೆ, ಪೈಪ್ ಇನ್ನೊಂದು ಕಡೆ. ಆಕ್ಸಿಲರೇಟರ್‌ಗೆ ಟಿ3ಯಲ್ಲಿ ಕೇಬಲ್, ಟಿಡಿಐಗೆ ಸೆನ್ಸರ್. ಕೇಬಲ್ ಹೋಗಿ ಸೆನ್ಸರ್ ಎಳೆಯೋ ಹಾಗೆ ಒಂದು ಬ್ರಾಕೆಟ್ ಮಾಡಿದ್ವಿ. ಮೂರನೇ ಫೋಟೊ. ವೆಲ್ಡಿಂಗ್ ನೋಡಿ ನಗಬೇಡಿ.

ಸ್ಟಾರ್ಟ್ ಆಯ್ತು. ಕುಣಿದ್ವಿ. ಹದಿನೈದು ನಿಮಿಷಕ್ಕೆ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೊರಟಿತು.

ಆಫ್ ಮಾಡಿದೆ, ಈ ಸಲ ತಕ್ಷಣ. ತಣ್ಣಗಾದ್ಮೇಲೆ ಮತ್ತೆ ಸ್ಟಾರ್ಟ್, ಮತ್ತೆ ಅದೇ ಕಥೆ. ಲಿಫ್ಟ್ ಬಾಡಿಗೆ ಗಂಟೆ ಲೆಕ್ಕ. ರೂಮ್‌ಮೇಟ್ ಮಾತು ನಿಲ್ಲಿಸಿದ್ದ. ಆಗ ನನಗೆ ಗೊತ್ತಿದ್ದ ಡೀಸೆಲ್ ಮನುಷ್ಯ ಒಬ್ಬನೇ. ಅಪ್ಪ. ಚಳ್ಳಕೆರೆ ಕಡೆ ಶೇಂಗಾ ಚೀಲ ಹೇರ್ಕೊಂಡು ವರ್ಷಗಟ್ಟಲೆ ಮೆಟಡೋರ್ ಓಡಿಸಿದವನು. ತೊಂದರೆ ಏನಂದ್ರೆ, ಅಪ್ಪನಿಗೆ ವ್ಯಾನಿನ ವಿಷಯವೇ ಗೊತ್ತಿರಲಿಲ್ಲ. ನನ್ನ ಎಜುಕೇಷನ್ ಲೋನಿಗೆ ಮನೆ ಪತ್ರ ಇಟ್ಟಿರೋನು ಅಪ್ಪ. ನಾನು ಇಲ್ಲಿ ಪಾರ್ಟ್‌ಟೈಮ್ ದುಡ್ಡು ಗುಜರಿ ಎಂಜಿನ್‌ಗೆ ಸುರೀತಿದೀನಿ. ಎಂಟು ತಿಂಗಳಿಂದ ಮುಚ್ಚಿಟ್ಟಿದ್ದೆ. ಈ ಸೀರೀಸ್ ನೋಡೋ ನಮ್ಮೂರ ಹುಡುಗರಿಗೂ "ಹೇಳಬೇಡ್ರೋ" ಅಂದಿದ್ದೆ, ನೆನಪಿದೆಯಲ್ಲಾ?

ವಿಡಿಯೊ ಕಾಲ್ ಮಾಡ್ದೆ. ಕ್ಯಾಮೆರಾ ತಿರುಗಿಸಿ ತೋರಿಸ್ದೆ. ಸ್ವಲ್ಪ ಹೊತ್ತು ಏನೂ ಇಲ್ಲ.

"ಯಾರ್ದು ಗಾಡಿ?"

"ಅರ್ಧ ನಂದು ಅಪ್ಪಾ."

ಮತ್ತೆ ಸುಮ್ಮನೆ. ಆಮೇಲೆ, "ರೇಡಿಯೇಟ್ರು ಎಲ್ಲೈತೆ?"

"ಮುಂದೆ."

"ಎಂಜಿನ್ ಹಿಂದೆ, ರೇಡಿಯೇಟ್ರು ಮುಂದೆ! ಪೈಪ್ ಮುಟ್ಟಿ ನೋಡು. ಒಂದು ಬಿಸಿ, ಒಂದು ತಣ್ಣಗಿದ್ರೆ ಗಾಳಿ ನಿಂತೈತೆ. ಮೂತಿ ಎತ್ತಿ ನಿಲ್ಸಲೇ."

ಮುಟ್ಟಿದೆ. ಒಂದು ಸುಡ್ತಿತ್ತು, ಒಂದು ತಣ್ಣಗೆ. ಅಷ್ಟುದ್ದದ ಪೈಪ್ ವ್ಯಾನಿನ ಹೊಟ್ಟೆ ಕೆಳಗೆ ಓಡುತ್ತೆ, ನಾವು ಸಮತಟ್ಟು ನೆಲದ ಮೇಲೆ ಕೂಲೆಂಟ್ ತುಂಬಿಸಿ ಮುಗೀತು ಅಂದ್ಕೊಂಡಿದ್ವಿ. ಟಿ3 ಮ್ಯಾನುಯಲ್‌ನಲ್ಲೂ ಅದನ್ನೇ ಬರೆದಿದ್ದಾರೆ: ಮುಂಭಾಗ ಎತ್ತಿ, ರೇಡಿಯೇಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲೋ ತನಕ ಬಿಡಿ. ಜಾಕ್ ಹಾಕಿದ್ವಿ. ಐದನೇ ಫೋಟೊದಲ್ಲಿ ಗುಳ್ಳೆ ಕಾಣುತ್ತೆ. ಮುಳ್ಳು ನಡುವೆ ಬಂದು ನಿಂತಿತು.

ಅಪ್ಪ ಫೋನ್ ಇಡೋ ಮುಂಚೆ ಕೇಳಿದ್ದು ಒಂದೇ. "ಎಷ್ಟಾಯ್ತು?" ನನ್ನ ಪಾಲು ರೂಪಾಯಲ್ಲಿ ಹೇಳ್ದೆ, ಲಕ್ಷದ ಮೇಲೆ. "ಪರೀಕ್ಷೆ ಪಾಸಾಗು" ಅಂದು ಇಟ್ಟ. ಎರಡು ದಿನ ಮೆಸೇಜಿಗೆ ಉತ್ತರ ಇಲ್ಲ. ಮೂರನೇ ದಿನ ವಾಯ್ಸ್ ನೋಟ್: "ಡೀಸೆಲ್ ಎಷ್ಟು ಕುಡೀತೈತೆ?"

ಕಳೆದ ಮಂಗಳವಾರ ತಪಾಸಣೆ ಮುಗೀತು. ಇದೇ ಮಾಡೆಲ್‌ಗೆ 112 ಪಿಎಸ್ ಪೆಟ್ರೋಲ್ ಎಂಜಿನ್ ಕೂಡ ಬರ್ತಿತ್ತು, ಹಾಗಾಗಿ 90ಕ್ಕೆ ಬ್ರೇಕ್ ಬಗ್ಗೆ ತಕರಾರು ಬರಲಿಲ್ಲ. ಎಚ್ ಉಳೀತು. ಕೊನೇ ಫೋಟೊ ಅದೇ ಕಾಗದ. ಅಪ್ಪನಿಗೂ ಕಳಿಸಿದೀನಿ.

ಹಳೇ ಗೇರ್‌ಬಾಕ್ಸ್ ಈ ಎಂಜಿನ್‌ಗೆ ತೀರಾ ಶಾರ್ಟ್, ಹೈವೇಲಿ ಸುಮ್ಮನೆ ಕಿರುಚುತ್ತೆ, ಅದನ್ನೂ ಬದಲಾಯಿಸ್ಬೇಕು. ಅದು ಭಾಗ 7. ಅಪ್ಪನಿಗೆ ಇನ್ನೂ ಹೇಳಿಲ್ಲ.